ಒಂದು ಟಂಟಂ, ಇಬ್ಬರು ಪಾಲುದಾರರು, ಎರಡು ನಮೂನಿ ಆಯಿಲ್

ಬೇಸಿಗೆ ಬಂತೆಂದರೆ ಗೋಗಿಯಿಂದ ಶಹಾಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ನೋಟ ಖಾಯಂ. ಮೂರು ಗಾಲಿಯ ಟಂಟಂ ಒಂದು ಪಕ್ಕಕ್ಕೆ ನಿಂತಿರುತ್ತದೆ. ಒಳಗಿದ್ದವರು ಇಳಿದು ಜಾಲಿ ಗಿಡದ ಬೊಗಸೆಯಷ್ಟು ನೆರಳಿಗೆ ಸರಿದಿರುತ್ತಾರೆ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಫೋನಿನಲ್ಲಿ ಮೆಕ್ಯಾನಿಕ್‌ನನ್ನು ಕರೆಯುತ್ತಿರುತ್ತಾನೆ. ಹೋಗಿಬರುವವರು "ಬಿಸಲಿಗೆ ಗಾಡಿ ಕೆಟ್ಟಂಗದ" ಎಂದು ಮುಂದೆ ಹೋಗುತ್ತಾರೆ. ಬಿಸಿಲಿನ ಮೇಲೆ ಹಾಕಿದರೆ ಮಾತು ಮುಗಿಯಿತು, ಬಿಸಿಲೇನು ತಿರುಗಿ ಮಾತಾಡುತ್ತದೆಯೆ?

ಅಮಾತೆಪ್ಪನೂ ಹಾಗೇ ಅನ್ನುತ್ತಿದ್ದ, ತನ್ನದೇ ಗಾಡಿ ನಿಲ್ಲುವ ತನಕ.

ಗಾಡಿ ಅವನೊಬ್ಬನದಲ್ಲ. ಅವನದೂ ಪಕ್ಕದ ಮನೆಯ ಸರದಾರಸಾಬನದೂ ಪಾಲಿನದು. ಇಬ್ಬರೂ ಮೊದಲು ಒಬ್ಬನೇ ಧಣಿಯ ಟ್ರ್ಯಾಕ್ಟರ್ ಹೊಡೆಯುತ್ತಿದ್ದವರು. ಎಷ್ಟು ದಿನ ಮಂದಿಯ ಗಾಡಿ ಸ್ಟೇರಿಂಗ್ ಹಿಡಿಯೋದು ಎಂದು ಕೂಡಿಕೊಂಡು ಒಂದು ಡೀಸೆಲ್ ಟಂಟಂ ತಂದರು. ಬೆಳಗಿನ ಪಾಳಿ ಅಮಾತೆಪ್ಪನದು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಸರದಾರಸಾಬನದು. ಡೀಸೆಲ್ ಬಗ್ಗೆ, ಟೈರಿನ ಬಗ್ಗೆ, ಪೊಲೀಸರ ಬಗ್ಗೆ, ಯಾವುದರ ಮೇಲೂ ಅವರಿಬ್ಬರಲ್ಲಿ ಜಗಳ ಬಂದದ್ದಿಲ್ಲ. ಬಂದದ್ದು ಎಂಜಿನ್ ಆಯಿಲ್ ಮೇಲೆ.

ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಏರುತ್ತಿತ್ತು. ಸರದಾರಸಾಬ ಸುರಪುರಕ್ಕೆ ಹೋದವನು ಮಿರಿಮಿರಿ ಮಿಂಚುವ ಒಂದು ಡಬ್ಬಿ ತಂದ.

"ಏನದು?" ಅಮಾತೆಪ್ಪ ಕೇಳಿದ.

"ಸಿಂಥೆಟಿಕ್ ಆಯಿಲ್. ಮೊಬೈಲ್‌ದಾಗ ನೋಡಿದೆ. ಎಷ್ಟು ಬಿಸಲಿದ್ರೂ ಇದಕ್ಕೇನೂ ಆಗಂಗಿಲ್ಲಂತ. ಒಂದ್ ಸಲ ಹಾಕಿದ್ರ ವರ್ಷಗಟ್ಲೆ ಚಿಂತಿಲ್ಲ."

ಅಮಾತೆಪ್ಪ ಡಬ್ಬಿ ಅಲ್ಲಾಡಿಸಿ ನೋಡಿದ. ನೀರು ಅಲ್ಲಾಡಿದ ಹಾಗೆ ಸಪ್ಪಳವಾಯಿತು.

"ಇದೇನು ನೀರದೋ, ಎಣ್ಣಿ ಅದೋ? ಬ್ಯಾಸಗಿಗೆ ದಪ್ಪ ಆಯಿಲ್ ಬೇಕು. ಟ್ರ್ಯಾಕ್ಟರಿಗೆ ನಾವು ಅದನ್ನೇ ಹಾಕತಿದ್ದಿಲ್ಲೇನು?"

"ಟ್ರ್ಯಾಕ್ಟರಿನ ಜಮಾನಾ ಹೋತು, ಅಮಾತೆಪ್ಪಾ."

"ಹಂಗಾದ್ರ ನಿನ್ನ ಆಯಿಲ್ ನೀನೇ ನೋಡ್ಕೋ. ನಂಗೇನೂ ಕೇಳಬ್ಯಾಡ."

ಹೇಳಿದ್ದಷ್ಟೇ ಅಲ್ಲ, ಅಮಾತೆಪ್ಪ ಆ ಮಾತನ್ನು ಪಾಲಿಸಿದ. ಮೊದಲೆಲ್ಲ ಬೆಳಗಾದರೆ ಎಂಜಿನ್ನಿನ ಕಡ್ಡಿ ಎಳೆದು ಆಯಿಲ್ ಎಷ್ಟಿದೆ ಎಂದು ನೋಡುತ್ತಿದ್ದವನು ಅದನ್ನು ಬಿಟ್ಟುಬಿಟ್ಟ. ಗಾಡಿ ನಿಲ್ಲಿಸುವ ಜಾಗದಲ್ಲಿ ಕರಿ ಹನಿ ಬಿದ್ದದ್ದು ಅವನ ಕಣ್ಣಿಗೆ ಬಿತ್ತು. "ಅವನ ಆಯಿಲ್, ಅವನೇ ನೋಡ್ಲಿ" ಎಂದುಕೊಂಡ. ಆ ಕಡೆ ಸರದಾರಸಾಬ ತುಟ್ಟಿ ಆಯಿಲ್ ಹಾಕಿದ ನಿಶ್ಚಿಂತೆಯಲ್ಲಿದ್ದ. ಕಡ್ಡಿ ಎಳೆಯುವ ಕೆಲಸ ಮೊದಲಿಂದ ಅಮಾತೆಪ್ಪನದೇ ಎಂದು ಅವನ ಲೆಕ್ಕ.

ಮೇ ತಿಂಗಳು ಬಂತು. ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೇ ನೆಲ ಕಾದಿರುತ್ತಿತ್ತು. ಒಂದು ದಿನ ಸರದಾರಸಾಬನ ಕಡೆಯ ಮದುವೆ ಬಂದು ಅವನು ಸುರಪುರಕ್ಕೆ ಹೋದ. ಎರಡೂ ಪಾಳಿ ಅಮಾತೆಪ್ಪನೇ ಹೊಡೆದ. ಮಧ್ಯಾಹ್ನದ ಟ್ರಿಪ್ಪಿಗೆ ಗಾಡಿ ತುಂಬಿತ್ತು. ಅದರಲ್ಲಿ ಚಮನಬೀ ಕೂಡ ಇದ್ದಳು. ಚಮನಬೀ ಎಂದರೆ ಸರದಾರಸಾಬನ ಹೆಂಡತಿ ಗೌಹರಬೇಗಂಳ ತಾಯಿ, ವಯಸ್ಸಾದವಳು. ಶಹಾಪುರದ ದವಾಖಾನೆಯಲ್ಲಿ ಬಿಪಿ ಗುಳಿಗೆ ತರಲು ಹೊರಟಿದ್ದಳು.

ಊರು ದಾಟಿ ತುಸು ದೂರ ಹೋಗಿರಬೇಕು. ಮೀಟರ್ ಪಕ್ಕ ಆಯಿಲ್‌ನ ಕೆಂಪು ದೀಪ ಹೊತ್ತಿತು. ಅಮಾತೆಪ್ಪ ನೋಡಿದ. ನಿಲ್ಲಿಸಬೇಕು ಎಂದು ಕೈಗೆ ಅನಿಸಿತು. ಆದರೆ ಗಾಡಿ ತುಂಬ ಜನ, ಸುತ್ತ ಬಟಾಬಯಲು. ಶಹಾಪುರ ಮುಟ್ಟಿ ನೋಡಿದರಾಯಿತು ಎಂದು ಎಕ್ಸಲರೇಟರ್ ಇನ್ನಷ್ಟು ತಿರುವಿದ. ಎಂಜಿನ್ನಿನಿಂದ ಕಟಕಟ ಸಪ್ಪಳ ಶುರುವಾಯಿತು. ಸಪ್ಪಳ ಜೋರಾಯಿತು. ಆಮೇಲೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಗಾಡಿ ನಿಂತುಬಿಟ್ಟಿತು. ಎಷ್ಟು ಸೆಲ್ಫ್ ಹೊಡೆದರೂ ಟಕ್ ಅನ್ನುತ್ತಿತ್ತೇ ಹೊರತು ತಿರುಗಲಿಲ್ಲ.

ಎಲ್ಲರೂ ಇಳಿದರು. ಹತ್ತಿರ ಒಂದು ಗಿಡವೂ ಇರಲಿಲ್ಲ. ಹೋಗುವ ಗಾಡಿಗಳಿಗೆ ಕೈ ಮಾಡಿದರೆ ಎಲ್ಲವೂ ತುಂಬಿದವೇ. ಚಮನಬೀ ಮೊದಲು ಸೆರಗಿನಿಂದ ಗಾಳಿ ಹಾಕಿಕೊಂಡಳು, ಆಮೇಲೆ ಗಾಡಿಯ ಗಾಲಿಗೆ ಒರಗಿ ಕೂತಳು, ಆಮೇಲೆ ಮಾತೇ ಆಡಲಿಲ್ಲ.

"ಅಮ್ಮಾ! ಚಮನಬೀ ಅಮ್ಮಾ!" ಅಮಾತೆಪ್ಪ ಅವಳ ಮುಖಕ್ಕೆ ನೀರು ಹೊಡೆದ. ಕಣ್ಣು ಮೇಲಕ್ಕೆ ತಿರುಗಿತ್ತು. ರಸ್ತೆಯ ನಡುವೆ ಹೋಗಿ ನಿಂತು ಬಂದ ಗೂಡ್ಸ್ ಗಾಡಿಯನ್ನು ಅಡ್ಡಗಟ್ಟಿದ. ಸಿಮೆಂಟ್ ಚೀಲದ ಮೇಲೆ ಮುದುಕಿಯನ್ನು ಮಲಗಿಸಿ, ದಾರಿಯುದ್ದಕ್ಕೂ ಒದ್ದೆ ಟವೆಲ್ಲಿನಿಂದ ಅವಳ ಹಣೆ ಒರೆಸುತ್ತ ಶಹಾಪುರದ ದವಾಖಾನೆಗೆ ಮುಟ್ಟಿಸಿದ.

ಸಲಾಯಿನ್ ಹಚ್ಚಿದರು. ಸಂಜೆ ಹೊತ್ತಿಗೆ ಮುದುಕಿ ಕಣ್ಣು ಬಿಟ್ಟು ನೀರು ಕೇಳಿದಳು. ಸರದಾರಸಾಬ ಮದುವೆ ಮನೆಯಿಂದ ಓಡಿ ಬಂದ. ಬಂದವನನ್ನು ನೋಡಿದ್ದೇ ಅಮಾತೆಪ್ಪನ ಒಳಗಿದ್ದ ಹೆದರಿಕೆಯೆಲ್ಲ ಸಿಟ್ಟಾಯಿತು.

"ನೋಡಿದ್ಯಾ ನಿನ್ನ ಸಿಂಥೆಟಿಕ್ ಆಟ? ಎಂಜಿನ್ ಹಿಡಕೊಂಡ್ಯಾದ! ನೀರಿನಂಥಾ ಎಣ್ಣಿ ಹಾಕಿ ಗಾಡಿ ಹಾಳ ಮಾಡಿದಿ!"

"ಗಾಡಿ ಹೊಡದಾವ ನೀನು. ಕೆಂಪು ಲೈಟ್ ಹತ್ತಿದ್ರೂ ಹೊಡಕೋತ ಹೋದಿ ಅಂತ ಮಂದಿ ಹೇಳ್ಯಾರ. ನಮ್ಮ ಅತ್ತಿಗೆ ಏನರ ಆಗಿದ್ರ?"

"ಪಾಲು ಬ್ಯಾಡ ನಂಗ! ಗಾಡಿ ಮಾರಿ ನಿಂದು ನಿಂಗ, ನಂದು ನಂಗ!"

ಮಂಚದ ಮೇಲಿಂದ ಚಮನಬೀ ಸಣ್ಣ ದನಿಯಲ್ಲಿ ಅಂದಳು: "ನಂಗ ಬಿಸಲು ಬಡದದ. ನಿಮ್ಮಿಬ್ಬರಿಗೆ ಏನ್ ಬಡದದ? ಹೊರಗ ಹೋಗ್ರಿ."

ಇಬ್ಬರೂ ಹೊರಗೆ ಹೋದರು. ಒಬ್ಬ ಆ ಬಾಗಿಲಿಂದ, ಒಬ್ಬ ಈ ಬಾಗಿಲಿಂದ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ ಟಂಟಂ ಎರಡು ಮನೆಗಳ ನಡುವಿನ ಜಾಗದಲ್ಲಿ ನಿಂತಿತು. ಅಮಾತೆಪ್ಪ ಬೆಳಿಗ್ಗೆ ಎದ್ದು ಅದರ ಕಡೆ ನೋಡದೆ ಹತ್ತಿ ಮಿಲ್ಲಿಗೆ ಹಮಾಲಿಗೆ ಹೋಗತೊಡಗಿದ. ಸರದಾರಸಾಬ ಅವನು ಹೋಗುವ ತನಕ ಹೊರಗೆ ಬರುತ್ತಿರಲಿಲ್ಲ. ಹೆಂಗಸರು ಮಾತು ಬಿಡಲಿಲ್ಲ. ಅಮಾತೆಪ್ಪನ ಹೆಂಡತಿ ಭೀಮವ್ವ ರೊಟ್ಟಿ ಬಡಿಯುತ್ತ, ಗೌಹರಬೇಗಂ ಬಟ್ಟೆ ಒಣಹಾಕುತ್ತ, ಗೋಡೆಯ ಈ ಕಡೆ ಆ ಕಡೆ ಎಂದಿನಂತೆ ಮಾತಾಡುತ್ತಿದ್ದರು. ಒಂದು ದಿನ ಭೀಮವ್ವನೇ ಫೋನ್ ಮಾಡಿ ಮಗಳನ್ನು ಕರೆಸಿದಳು.

ಮಗಳು ನಾಗಲಕ್ಷ್ಮಿ. ಶಹಾಪುರಕ್ಕೆ ಕೊಟ್ಟಿದ್ದಾರೆ. ಆಟೊಮೊಬೈಲ್ ಡಿಪ್ಲೊಮಾ ಓದಿ ಅಲ್ಲಿಯ ಒಂದು ಶೋರೂಮಿನಲ್ಲಿ ಮೂರು ಗಾಲಿ ಗಾಡಿಗಳ ಸರ್ವಿಸ್ ನೋಡಿಕೊಳ್ಳುತ್ತಾಳೆ. ದಿನಾ ಎಷ್ಟೋ ಡ್ರೈವರುಗಳು ಅವಳನ್ನು ಕೇಳಿ ಗಾಡಿ ರಿಪೇರಿ ಮಾಡಿಸುತ್ತಾರೆ. ತಾನೂ ಕೇಳಬಹುದು ಎಂದು ಅಮಾತೆಪ್ಪನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಮನೆ ಮಗಳಲ್ಲವೆ!

ರಜೆಯ ದಿನ ಬಂದ ನಾಗಲಕ್ಷ್ಮಿ ಚಹಾ ಕುಡಿದು ನೇರ ಗಾಡಿಯ ಹತ್ತಿರ ಹೋದಳು.

"ಅಪ್ಪಾ, ಹಳೇ ಬೋಗಾಣಿ ಒಂದು ಕೊಡು. ಸರದಾರಕಾಕಾ, ನೀವೂ ಬರ್ರಿ. ಇಬ್ಬರೂ ಇದ್ರನ ನಾ ಬೋಲ್ಟ್ ಬಿಚ್ಚಾಕಿ."

"ಅಂವ ಬಂದ್ರ ನಾ ಬರಂಗಿಲ್ಲ," ಎಂದ ಅಮಾತೆಪ್ಪ.

"ಹಂಗಾದ್ರ ನಾ ಈಗೇ ಬಸ್ ಹತ್ತತೀನಿ."

ಭೀಮವ್ವ ಗಂಡನ ಕಡೆ ಒಂದು ನೋಟ ನೋಡಿದಳು. ಅವನು ಎದ್ದು ಬಂದ. ಸರದಾರಸಾಬನೂ ಬಂದು ಗಾಡಿಯ ಆ ಬದಿಗೆ ನಿಂತ.

ಎಂಜಿನ್ನಿನ ತಳದ ಬೋಲ್ಟ್ ಬಿಚ್ಚಿದಾಗ ಬೋಗಾಣಿಗೆ ಬಿದ್ದದ್ದು ಒಂದು ತಂಬಿಗೆಯೂ ತುಂಬದಷ್ಟು ಕರಿ ರಾಡಿ.

"ಈ ಎಂಜಿನ್ನಿಗೆ ಬೇಕಾದದ್ದರಾಗ ಅರ್ಧನೂ ಇಲ್ಲ," ಎಂದಳು ನಾಗಲಕ್ಷ್ಮಿ. "ಆಯಿಲ್ ಯಾವಾಗ ನೋಡಿದ್ರಿ?"

"ನಿಮ್ಮಪ್ಪ ನೋಡತಾನಂತ ನಾ ಬಿಟ್ಟಿದ್ದೆ, ಬೇಟಿ."

"ಅವನ ಆಯಿಲ್ ಅಂತ ನಾ ಬಿಟ್ಟಿದ್ದೆ," ಎಂದ ಅಮಾತೆಪ್ಪ. ಹೇಳಿದ ಮೇಲೆ ತನ್ನ ಮಾತು ತನಗೇ ಹೇಗೋ ಕೇಳಿಸಿತು.

ನಾಗಲಕ್ಷ್ಮಿ ರಾಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಇದರಾಗ ಬ್ಯಾರೇ ಏನೋ ಕೂಡ್ಯಾದ. ಯಾರರ ಮ್ಯಾಲ ಏನರ ಹಾಕೀರೇನು?"

ಅಮಾತೆಪ್ಪ ಬಾಯಿಬಿಟ್ಟ. "ಗಾಡಿ ಕೆಡೋ ಮೊದಲೇ ಒಂದ್ ದಿನ ಸಪ್ಪಳ ಮಾಡಾಕತ್ತಿತ್ತು. ಸ್ಟ್ಯಾಂಡಿನಾಗ ಡ್ರಮ್ಮಿನ ಬಿಡಿ ಆಯಿಲ್ ಸಿಗತಿತ್ತು. ದಪ್ಪಗಿತ್ತು. ಒಂದ್ ಬಾಟ್ಲಿ ಹಾಕ್ದೆ."

"ನಂಗ ಹೇಳಲೇ ಇಲ್ಲಲೋ!" ಎಂದ ಸರದಾರಸಾಬ.

"ಹ್ಯಾಂಗ ಹೇಳ್ಲಿ? ಮಾತು ಬಿಟ್ಟಿದ್ದಿಲ್ಲೇನು ಆಯಿಲ್ ಮ್ಯಾಲ?"

ಅಷ್ಟರಲ್ಲಿ ಗೌಹರಬೇಗಂ ಒಳಗಿನಿಂದ ಖಾಲಿ ಡಬ್ಬಿ ತಂದಳು. ನಾಗಲಕ್ಷ್ಮಿ ಅದನ್ನು ಬೆಳಕಿಗೆ ಹಿಡಿದು ಓದಿದಳು. ಆಮೇಲೆ ಗಾಡಿಯ ಸೀಟಿನ ಕೆಳಗೆ ಕೈ ಹಾಕಿ, ಗಾಡಿ ತಂದ ದಿನದ ಪ್ಲಾಸ್ಟಿಕ್ಕಿನಲ್ಲೇ ಇದ್ದ ಬುಕ್ಕು ತೆಗೆದಳು.

"ನೋಡ್ರಿ ಕಾಕಾ. ಈ ಡಬ್ಬಿ ಮ್ಯಾಲ 5W-30 ಅಂತದ. ಪೆಟ್ರೋಲ್ ಕಾರಿಂದು. ಆಯಿಲ್ ಚಲೋದೇ, ಆದ್ರ ನಮ್ಮ ಗಾಡಿಗಲ್ಲ. ನಮ್ಮ ಬುಕ್ಕಿನಾಗ 15W-40, ಅದೂ ಡೀಸೆಲ್ ಎಂಜಿನ್ನಿಂದು ಹಾಕ್ರಿ ಅಂತ ಬರದಾರ."

"ಆ ನಂಬರ್ ಅಂದ್ರೇನು?" ಅಮಾತೆಪ್ಪ ಬಗ್ಗಿ ನೋಡಿದ.

"ಡಬ್ಲ್ಯೂಕಿಂತ ಮೊದಲಿನ ನಂಬರ್, ಐದು, ಹದಿನೈದು ಅಂತ ಇರೋದು, ಚಳಿಗೆ. ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಜಲ್ದಿ ಹರೀತದ ಅಂತ. ನಂಬರ್ ಸಣ್ಣದಾದಂಗ ಥಂಡ್ಯಾಗೂ ಸರಳ ಹರೀತದ. ಚಳಿಗಾಲದಾಗ ತಲಿಗಿ ಹಚ್ಚೋ ಕೊಬ್ರಿ ಎಣ್ಣಿ ಬಾಟ್ಲ್ಯಾಗ ಗಟ್ಟಿ ಆಗತದಲ್ಲ, ಹಂಗಾಗಬಾರದು. ಡಬ್ಲ್ಯೂ ಆದ ಮ್ಯಾಲಿನ ನಂಬರ್ ಬಿಸಿಗೆ. ಎಂಜಿನ್ ಕಾದಾಗ ಆಯಿಲ್ ಎಷ್ಟು ದಪ್ಪ ಉಳೀತದ ಅಂತ. ನಮ್ಮ ಯಾದಗಿರಿ ಬಿಸಲು, ತುಂಬಿದ ಗಾಡಿ, ಡೀಸೆಲ್ ಎಂಜಿನ್. ನಲವತ್ತು ಕೇಳೋ ಕಡೆ ಮೂವತ್ತು ಹಾಕಿದ್ರ ತೆಳುವಾಗತದ."

ಅಮಾತೆಪ್ಪನ ಮುಖ ಅರಳಿತು. "ನಾ ಹೇಳಿದ್ದಿಲ್ಲಾ? ಸಿಂಥೆಟಿಕ್ ಬರೇ ಬೇಕಾರ್!"

"ತಡಿಯಪ್ಪಾ. ಸಿಂಥೆಟಿಕ್ ಅನ್ನೋದು ಒಂದು ಮಾತು, ನಂಬರ್ ಅನ್ನೋದು ಇನ್ನೊಂದು ಮಾತು. ಸಿಂಥೆಟಿಕ್‌ನಾಗೂ 15W-40 ಸಿಗತದ, ಸಾದಾ ಆಯಿಲ್‌ನಾಗೂ ಸಿಗತದ. ನೀ ದಪ್ಪ ದಪ್ಪ ಅಂತೀದಿ. ಡ್ರಮ್ಮಿಂದು ಎಲ್ಲಿಂದೋ, ಯಾವ ನಂಬರೋ ಯಾರಿಗೆ ಗೊತ್ತು? ಬರೇ ದಪ್ಪ ಇದ್ರ ಮುಂಜಾನೆ ಗಾಡಿ ಚಾಲೂ ಮಾಡಿದಾಗ ಮ್ಯಾಲಿನ ತನಕ ಏರಂಗಿಲ್ಲ, ಒಳಗ ಒಣಾ ತಿಕ್ಕಾಟ ಆಗತದ."

"ಮತ್ತ ಎರಡಕ್ಕೂ ಫರಕ್ ಏನು ಹಂಗಾದ್ರ?" ಈ ಸಲ ಕೇಳಿದವಳು ಭೀಮವ್ವ.

"ಸಾದಾ ಆಯಿಲ್ ನೆಲದಾಗಿಂದ ತಗದ ಎಣ್ಣೀನೇ ಸೋಸಿ ಮಾಡೋದು. ಕೆಲಸ ಚಲೋ ಮಾಡತದ, ಆದ್ರ ಭಾಳ ಕಾದ್ರ ಜಲ್ದಿ ಸೋಲತದ. ಸಿಂಥೆಟಿಕ್ ಫ್ಯಾಕ್ಟರ್ಯಾಗ ಹದ ಮಾಡಿ ತಯಾರ ಮಾಡೋದು. ಬಿಸಿ ಜಾಸ್ತಿ ತಡೀತದ, ಥಂಡ್ಯಾಗೂ ಸರಳ ಹರೀತದ."

"ಮಿರ್ಚಿ ಕರಿಯೋ ಎಣ್ಣಿ ಇದ್ದಂಗ," ಎಂದಳು ಗೌಹರಬೇಗಂ. "ಒಂದೇ ಎಣ್ಣಿ ಮತ್ತ ಮತ್ತ ಕಾಸಿದ್ರ ಕರ್ರಗಾಗಿ ಅಂಟಂಟಾಗತದ. ಒಂದು ಎಣ್ಣಿ ಎರಡು ಘಾಣ ಕರಿಯೋದ್ರಾಗ ಕೆಡತದ, ಒಂದು ನಾಕು ಘಾಣ ತಡೀತದ. ಕೆಡೋದಂತೂ ಎರಡೂ ಕೆಡತಾವ."

"ಅಷ್ಟೇ ನೋಡ್ರಿ ಚಿಗವ್ವ! ತುಟ್ಟಿದು ಹಾಕೀನಿ ಅಂತ ಬದಲೀ ಮಾಡದ ಬಿಟ್ರ ಎಂಜಿನ್ ಉಳ್ಯಂಗಿಲ್ಲ."

ಸರದಾರಸಾಬ ತಲೆ ಕೆರೆದುಕೊಂಡ. "ಮತ್ತ ಇದು ಕೆಟ್ಟದ್ದು ಯಾರಿಂದ, ಬೇಟಿ? ಖರೇ ಹೇಳು."

ನಾಗಲಕ್ಷ್ಮಿ ಗಾಡಿಯ ಕೆಳಗೆ ಬಗ್ಗಿ, ಬಿಚ್ಚಿದ ಬೋಲ್ಟಿನ ವಾಷರ್ ತೋರಿಸಿದಳು. ಸವೆದು ಹಾಳೆಯಂತಾಗಿತ್ತು. "ಇಲ್ಲಿಂದ ದಿನಾ ಹನಿ ಹನಿ ಸೋರ್ಯಾದ. ಎಂಜಿನ್ನೂ ಒಂದಿಷ್ಟು ಆಯಿಲ್ ಸುಟ್ಟಾದ. ತಪ್ಪು ಆಯಿಲ್ ಹಾಕಿದ್ದು ಒಂದು. ಬಿಡಿ ಆಯಿಲ್ ಕೂಡಿಸಿದ್ದು ಇನ್ನೊಂದು. ಆದ್ರ ಎಂಜಿನ್ ಹಿಡಕೊಂಡದ್ದು ಆಯಿಲ್ ಇಲ್ಲದ್ದಕ್ಕ. ಇಬ್ಬರಾಗ ಒಬ್ಬರು ಕಡ್ಡಿ ಎಳದು ನೋಡಿದ್ರೂ ಗಾಡಿ ಉಳೀತಿತ್ತು. ಕೆಂಪು ಲೈಟ್ ಹತ್ತಿದ ಕೂಡಲೆ ಬಂದ್ ಮಾಡಿದ್ರೂ ಉಳೀತಿತ್ತು."

ಅಮಾತೆಪ್ಪ ನೆಲ ನೋಡಿದ. ಹನಿ ಬಿದ್ದದ್ದನ್ನು ತಾನು ನೋಡಿದ್ದು, ನೋಡಿ ದಾಟಿಹೋದದ್ದು ಅವನಿಗೆ ಮಾತ್ರ ಗೊತ್ತಿತ್ತು. ಗಾಲಿಗೆ ಒರಗಿ ಕೂತ ಚಮನಬೀಯ ಮುಖ ಕಣ್ಣ ಮುಂದೆ ಬಂತು. ಒಂದು ಮಾತು ಕೇಳಿದ್ದರೆ, ಒಂದು ಮಾತು ಹೇಳಿದ್ದರೆ ಮುದುಕಿ ಸಿಮೆಂಟ್ ಚೀಲದ ಮೇಲೆ ಮಲಗಬೇಕಿರಲಿಲ್ಲ.

"ಸೋರೋದು ನಾ ನೋಡಿದ್ದೆ, ಸರದಾರ," ಎಂದ. "ಬೇಕಂತನ ಸುಮ್ಮನಿದ್ದೆ."

ಸರದಾರಸಾಬ ಗಾಡಿ ಸುತ್ತು ಹಾಕಿ ಈ ಬದಿಗೆ ಬಂದ. "ನಾನೂ ಮೊಬೈಲ್ ನಂಬಿದೆ, ನಿನ್ನ ನಂಬಲಿಲ್ಲ. ನಡಿ, ಗಾಡಿ ತಳ್ಳು. ಗ್ಯಾರೇಜಿಗೆ ಕಳಸೋಣ."

ಎಂಜಿನ್ ಬಿಚ್ಚಿ, ಒಳಗೆ ಸವೆದ ಸಿಲಿಂಡರ್ ಸರಿಮಾಡುವ ಬೋರ್ ಕೆಲಸ ಮಾಡಿಸಬೇಕಾಯಿತು. ಅದು ಮುಗಿಯುವ ಹೊತ್ತಿಗೆ ಮುಂಗಾರು ಬಂದಿತ್ತು. ಗಾಡಿ ಬಂದ ದಿನ ನಾಗಲಕ್ಷ್ಮಿ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದಳು:

"ಈಗ ಬೋರ್ ಹೊಸದು. ಗ್ಯಾರೇಜಿನವರು ಸಾದಾ 15W-40 ಹಾಕ್ಯಾರ. ಅವರು ಹೇಳಿದ ದಿನಕ್ಕ ಅದನ್ನ ತಗಸಿ ಹೊಸದು ಹಾಕಸ್ರಿ. ಮಳಿಗಾಲ, ಚಳಿಗಾಲಕ್ಕೂ ಸಾದಾನೇ ಸಾಕು. ನಮ್ಮ ಕಡೆ ಆಯಿಲ್ ಗಟ್ಟಿಯಾಗೋವಂಥ ಥಂಡಿ ಇಲ್ಲ. ಟೈಮಿಗೆ ಬದಲಿ ಮಾಡ್ರಿ, ಅಷ್ಟೇ. ಮಳಿಗಾಲದಾಗ ಕಡ್ಡಿ ಎಳದಾಗ ಆಯಿಲ್ ಹಾಲಿನ ಚಹಾದಂಗ ಕಂಡ್ರ ನೀರು ಸೇರ್ಯಾದಂತ ತಿಳೀರಿ, ಗಾಡಿ ಚಾಲೂ ಮಾಡಬ್ಯಾಡ್ರಿ. ಶಿವರಾತ್ರಿ ದಾಟಿ ಬಿಸಲು ಏರಿತಂದ್ರ ಎರಡು ದಾರಿ ಅದಾವ. ಸಾದಾನೇ ಹಾಕತೀವಿ ಅಂದ್ರ ಬುಕ್ಕಿನಾಗ ಹೇಳಿದ್ದಕ್ಕಿಂತ ಒಂದಿಷ್ಟು ಮೊದಲೇ ಬದಲಿ ಮಾಡ್ರಿ. ಇಲ್ಲಂದ್ರ ಅದೇ ನಂಬರಿಂದು, ಡೀಸೆಲಿಂದು, ಸಿಂಥೆಟಿಕ್ ಹಾಕ್ರಿ. ಭರ್ತಿ ಸೀಟು ಹಾಕ್ಕೊಂಡು ದಿನಪೂರ್ತಿ ಓಡೋ ಗಾಡಿಗೆ ಬ್ಯಾಸಗ್ಯಾಗ ಅದು ಆಸರ ಆಗತದ."

"ಅಂದ್ರ ನಂದೂ ಖರೇ, ಅವಂದೂ ಖರೇ?" ಅಮಾತೆಪ್ಪ ಕೇಳಿದ.

"ಇಬ್ಬರದೂ ಅರ್ಧರ್ಧ, ಅಪ್ಪಾ."

ಬೋಗಾಣಿಯಲ್ಲಿ ಅಂದಿನಿಂದ ಹಾಗೇ ಇದ್ದ ಕರಿ ಆಯಿಲ್ಲನ್ನು ಅಮಾತೆಪ್ಪ ಗಟಾರಿಗೆ ಚೆಲ್ಲಲು ಎತ್ತಿದ. ಮಗಳು ತಡೆದಳು. "ಗಟಾರದಿಂದ ಹಳ್ಳಕ್ಕ ಹೋಗತದ, ಹಳ್ಳದಾಗ ದನ ನೀರು ಕುಡೀತಾವ." ಡಬ್ಬಿಗೆ ತುಂಬಿ ತನ್ನ ಶೋರೂಮಿಗೆ ಒಯ್ದಳು. ಅಲ್ಲಿ ಹಳೇ ಆಯಿಲ್ ಕೂಡಿಟ್ಟು ಅದನ್ನು ತಗೊಳ್ಳುವವರಿಗೇ ಕೊಡುತ್ತಾರೆ.

ಮುಂದಿನ ಬೇಸಿಗೆಯೂ ಬಂತು, ಹೋದ ವರ್ಷದ ಬಿಸಿಲಿಗಿಂತ ಏನೂ ಕಡಿಮೆ ಇರಲಿಲ್ಲ. ಟಂಟಂನಲ್ಲಿ ಸಿಂಥೆಟಿಕ್ ಇತ್ತು, ಸರಿಯಾದ ನಂಬರಿನದು. ಬೆಳಿಗ್ಗೆ ಅಮಾತೆಪ್ಪ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಾಲೂ ಮಾಡುವ ಮೊದಲೇ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ಎಳೆದು, ಎರಡು ಗೆರೆಗಳ ನಡುವೆ ಆಯಿಲ್ ಇದೆಯೆ ನೋಡುತ್ತಾನೆ. ಪಾಳಿ ಬದಲಾಗುವಾಗ ಬಾಯಿಬಿಟ್ಟು ಹೇಳುತ್ತಾನೆ: "ಆಯಿಲ್ ನೋಡೀನಿ, ಬರಾಬರ್ ಅದ." ಮರುದಿನ ಬೆಳಿಗ್ಗೆ ಕಡ್ಡಿ ಎಳೆಯುವ ಸರದಿ ಸರದಾರಸಾಬನದು, ಅವನೂ ಹಾಗೇ ಬಾಯಿಬಿಟ್ಟು ಹೇಳುತ್ತಾನೆ. ಆ ಬೇಸಿಗೆ ಅವರ ಗಾಡಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ.

ಸ್ಟ್ಯಾಂಡಿನ ಡ್ರೈವರುಗಳಿಗೆ ಸುದ್ದಿ ಮುಟ್ಟದೆ ಇರುತ್ತದೆಯೆ? ಒಂದು ದಿನ ಶಾರುಖ್ ಎಂಬ ಡ್ರೈವರ್ ಬಂದು ಕೇಳಿದ: "ಅಮಾತೆಪ್ಪ ಕಾಕಾ, ನಂದೂ ಡೀಸೆಲ್ ಗಾಡಿ. ಈ ಬಿಸಲಿಗೆ ಸಿಂಥೆಟಿಕ್ ಹಾಕಲೋ, ಸಾದಾ ಹಾಕಲೋ?"

ಅಮಾತೆಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ.

"ಅದು ಆಮ್ಯಾಲ. ನಿನ್ನ ಗಾಡಿದು ಕಡ್ಡಿ ಮೊದಲು ಎಳಿ. ನೋಡೋಣು."

ಓದುವ, ಕೇಳುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆ ಮುಂದೆಯೂ ಒಂದು ಗಾಡಿ ನಿಂತಿರಬಹುದು. ಅದರ ಬುಕ್ಕು ಎಲ್ಲಿದೆ ಹುಡುಕಿ. ನಿಮ್ಮ ಎಂಜಿನ್ನಿಗೆ ಯಾವ ನಂಬರ್ ಎಂದು ಬರೆದಿದೆಯೋ ಅದನ್ನೇ, ಸೀಲ್ ಇದ್ದ ಡಬ್ಬಿಯಲ್ಲಿ ತನ್ನಿ. ಮೋಟರ್ ಸೈಕಲ್ಲಿಗೆ ಮೋಟರ್ ಸೈಕಲ್ಲಿನದೇ ಆಯಿಲ್ ಇರಲಿ, ಕಾರಿನದು ಹಾಕಿದರೆ ಕ್ಲಚ್ ಜಾರಬಹುದು. ಹಗುರ ಓಡಾಟಕ್ಕೆ, ತಂಪು ಕಾಲಕ್ಕೆ ಸಾದಾ ಆಯಿಲ್ ಸಾಕು. ಉರಿ ಬಿಸಿಲಲ್ಲಿ ಭಾರ ಹೊತ್ತು ಓಡುವ ಗಾಡಿಗೆ ಬುಕ್ಕು ಒಪ್ಪುವುದಾದರೆ ಸಿಂಥೆಟಿಕ್ ಒಳ್ಳೆಯದು. ಯಾವುದನ್ನೇ ಹಾಕಿದರೂ ಟೈಮಿಗೆ ಬದಲಿಸಿ. ಕೆಂಪು ದೀಪ ಹೊತ್ತಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ನಿಮ್ಮನ್ನು ನಂಬಿ ಹತ್ತಿದವರು ಹಿಂದೆ ಕೂತಿದ್ದಾರೆ. ನಾಳೆ ಬೆಳಿಗ್ಗೆ, ಕೀಲಿ ತಿರುವುವ ಮೊದಲು, ಒಮ್ಮೆ ಬಗ್ಗಿ ಆ ಕಡ್ಡಿ ಎಳೆದು ನೋಡಿ.